ಶಾಲಿನಿ, ಆ ಕಪ್ಪೆಲೆ ಮರದ ತಲೆ ಕಡೀಬೇಡ

ಶಾಲಿನಿ, ನಿನ್ನ ಮೆಸೇಜು ಈಗ ನೋಡ್ದೆ. ಕ್ರೇಪ್ ಮಿರ್ಟಲ್ ಅನ್ನೋ ಆ ಹೂವಿನ ಮರದ ಎಲೆ ಕಪ್ಪು ನೇರಳೆ ಇದ್ದಿದ್ದು ಹಸಿರಾಗ್ತಿದೆ, ಅದರ ಮೇಲೆ ಬಿಳೀ ಪುಡಿ ಬೇರೆ, ಈ ಸಲ ಹೂವೇ ಇಲ್ಲ, ಸೊಂಟದ ಮಟ್ಟಕ್ಕೆ ಕಡಿದುಬಿಟ್ರೆ ಹೊಸದಾಗಿ ಚಿಗುರತ್ತಾ ದೊಡ್ಡಮ್ಮ ಅಂತ ಕೇಳಿದೀಯ. ಟೈಪ್ ಮಾಡಿದ್ರೆ ಮುಗಿಯಲ್ಲ, ಹೇಳೇ ಬಿಡ್ತೀನಿ. ಕಡೀಬೇಡ. ಬೇರೇನು ಮಾಡಿದ್ರೂ ಸರಿ, ತಲೆ ಮಾತ್ರ ಕಡೀಬೇಡ.

ಹಳೇ ಮನೆ ಗೇಟಿನ ಪಕ್ಕ ಒಂದು ಕ್ರೇಪ್ ಮಿರ್ಟಲ್ ಇತ್ತಲ್ಲ, ಆ ಮರ. ನೀನಾಗ ಚಿಕ್ಕೋಳು, ನಿಮ್ಮಮ್ಮನಿಗೆ ಗೊತ್ತು, ಗಿರಿಗೂ ಗೊತ್ತು. ಬುಡದಿಂದಲೇ ನಾಲ್ಕು ಕಾಂಡ ಎದ್ದು ಮೇಲೆ ಹರಡಿಕೊಂಡಿತ್ತು. ತೊಗಟೆ ತಾನಾಗೇ ಸುಲಿದು ಬಿದ್ದು ಒಳಗಿನ ನುಣುಪು ಕಾಣ್ತಿತ್ತು, ಹೂವಿಲ್ಲದ ತಿಂಗಳಲ್ಲೂ ನೋಡ್ತಾ ನಿಲ್ಲೋ ಹಂಗೆ. ಗೋಡೆಗೆ ಬಣ್ಣ ಹೊಡೆಯೋಕೆ ಬಂದೋರು ಏಣಿಗೆ ಅಡ್ಡ ಆಗತ್ತೆ ಅಂತ, ನಮ್ಮನ್ನ ಒಂದು ಮಾತೂ ಕೇಳದೆ, ನಾಲ್ಕು ಕಾಂಡಕ್ಕೂ ಎದೆಮಟ್ಟಕ್ಕೆ ಗರಗಸ ಹಾಕಿದ್ರು. ನೋಡಿದೋರೆಲ್ಲ ಚಿಗುರತ್ತೆ ಬಿಡಿ ಅಂದ್ರು. ಚಿಗುರಿತು, ನಿಜ. ಕಡಿದ ಒಂದೊಂದು ತುದಿಯಲ್ಲೂ ಚಿಗುರೆಲ್ಲ ಒಟ್ಟಿಗೆ ಎದ್ದು ಪೊರಕೆ ಥರ ನಿಂತ್ವು. ಅಂಥ ಚಿಗುರು ತೊಗಟೆಯ ಅಡಿಯಿಂದ ಹುಟ್ಟಿರತ್ತೆ, ಹಳೇ ಕೊಂಬೆಯ ಹಾಗೆ ಒಳಗಿನ ಮರದ ಜೊತೆ ಬೆಸೆದಿರಲ್ಲ, ಹಿಡಿತ ಕಮ್ಮಿ. ಆಳೆತ್ತರ ಬೆಳೆದು ತುದೀಲಿ ದೊಡ್ಡ ಗೊಂಚಲು ಬಿಡ್ತು. ಮಳೆ ಬಂತು, ಗೊಂಚಲು ನೀರು ಕುಡಿದು ಭಾರ ಆಯ್ತು, ಬಗ್ಗಿ ಬಗ್ಗಿ ಸೇರುವೆಯಲ್ಲೇ ಸೀಳಿಕೊಂಡ್ವು. ಮುರಿದಿದ್ದನ್ನ ತೆಗೆಯೋಕೆ ಮತ್ತೆ ಅದೇ ಜಾಗದಲ್ಲಿ ಕಡಿಯೋದು, ಮತ್ತೆ ಚಿಗುರೋದು, ಕೊನೆಗೆ ಕಾಂಡದ ತುದಿಯೆಲ್ಲ ಗಂಟು. ತೋಳಿನ ದಪ್ಪದ ಗಾಯ ಮುಚ್ಚಿಕೊಳ್ಳೋಕಾಗದೆ ಒಳಗೆ ಕೊಳೆ ಶುರುವಾಯ್ತು. ಬುಡದಿಂದ ಮರಿಗಳು ಎದ್ದೇಳ್ತಾನೇ ಇದ್ವು. ಆಮೇಲೆ ಆ ಮರಕ್ಕೆ ಆ ರೂಪ ಬರಲೇ ಇಲ್ಲ.

ಹೂವು ಹೊಸ ಚಿಗುರಲ್ಲೇ ಬಿಡೋದು ಅನ್ನೋದು ನಿಜ, ಅದಕ್ಕೇ ಜನ ಜಾಸ್ತಿ ಕಡಿದ್ರೆ ಜಾಸ್ತಿ ಹೂವು ಅಂದ್ಕೋತಾರೆ. ಹಾಗಲ್ಲ. ಕಡಿದ ಮರ ಮೊದಲು ಸೊಪ್ಪು ಮಾಡ್ಕೊಳ್ಳೋಕೆ ಹೊರಡತ್ತೆ, ಹೂವು ತಡ, ಗೊಂಚಲು ದೊಡ್ಡದು ಆದರೆ ಕೆಲವೇ. ಒತ್ತಾಗಿ ಬಂದ ಎಳೇ ಎಲೆಗೆ ಬೂದಿ ರೋಗ, ಅದೇ ಆ ಬಿಳೀ ಪುಡಿ, ಮೊದಲು ಹತ್ತತ್ತೆ, ಸಸ್ಯಹೇನೂ ಅಲ್ಲೇ ಕೂರತ್ತೆ, ಹೇನಿನ ಅಂಟು ಬಿದ್ದ ಕಡೆಯೆಲ್ಲ ಕಪ್ಪು ಬೂಷ್ಟು. ನಿನ್ನ ಮರಕ್ಕೆ ಈಗಲೇ ಬಿಳೀ ಪುಡಿ ಇದೆ, ನೀನು ಕಡಿದ್ರೆ ಅದಕ್ಕೆ ಇನ್ನಷ್ಟು ಎಳೇ ಸೊಪ್ಪು ಒದಗಿಸಿದ ಹಾಗೆ. ಇನ್ನೊಂದು ಸಲ ಹೇಳ್ತಿದ್ದೀನಿ, ತಲೆ ಕಡೀಬೇಡ.

ನನಗೆ ಸಂಕಟ ಆಗೋದು ಏನಂದ್ರೆ, ಮರ ಎಷ್ಟೆತ್ತರ ಬೆಳೆಯತ್ತೆ ಅಂತ ನೆಡೋ ದಿನ ಯಾರೂ ಕೇಳಲ್ಲ. ಮಾರೋರೂ ಹೇಳಲ್ಲ, ಚೀಟೀಲಿ ತಳಿಯ ಹೆಸರೂ ಇರಲ್ಲ, "ಕಪ್ಪೆಲೆ" ಅಂತ ಬರೆದು ಕಳಿಸ್ತಾರೆ. ಕ್ರೇಪ್ ಮಿರ್ಟಲ್‌ನಲ್ಲಿ ಮೊಣಕಾಲೆತ್ತರದ ಗಿಡವೂ ಇದೆ, ಬ್ಲ್ಯಾಕ್ ಡೈಮಂಡ್ ಥರ 10-12 ಅಡಿಗೆ ನಿಲ್ಲೋದೂ ಇದೆ, ನ್ಯಾಚೆಜ್ ಥರ 20 ಅಡಿ ದಾಟೋದೂ ಇದೆ. ಕಿಟಕಿ ಕೆಳಗೆ 20 ಅಡಿಯದನ್ನ ನೆಟ್ಟು ಆಮೇಲೆ ವರ್ಷ ವರ್ಷ ಗರಗಸ ಹಿಡ್ಕೊಂಡು ಓಡಾಡೋದು. ತಪ್ಪು ಮರದ್ದಲ್ಲ. ಹೂವಿನ ಫೋಟೋ ಹಾಕಿದಾಗ ಗ್ರೂಪಲ್ಲಿ ಎಲ್ಲರೂ ಹೃದಯ ಒತ್ತುತೀರ, ನೆಡೋಕೆ ಮುಂಚೆ ಒಬ್ಬರಾದ್ರೂ ಕೇಳಿದ್ರಾ? ಗಿರಿ, ನಿನಗೂ ಸೇರಿಸಿ ಹೇಳ್ತಿದ್ದೀನಿ ಕಣೋ.

ಅಯ್ಯೋ, ಎಲೆ ಯಾಕೆ ಹಸಿರಾಯ್ತು ಅಂತ ತಾನೇ ನೀನು ಕೇಳಿದ್ದು. ನೆರಳು ಕಣೇ. ನಿನ್ನ ಫೋಟೋದಲ್ಲೇ ಕಾಣ್ತಿದೆ, ಪಕ್ಕದ ಮರದ ಕೊಂಬೆ ಅದರ ಮೇಲೆ ಬಂದು ಕೂತಿದೆ. ಎಲೆಯ ಆ ಕಪ್ಪು ನೇರಳೆ ಬರೋದು ಆಂಥೋಸಯನಿನ್ ಅನ್ನೋ ಬಣ್ಣದ ವಸ್ತುವಿನಿಂದ, ಅದು ಬಿಸಿಲು ಸಾಕಷ್ಟು ಬಿದ್ರೇ ತುಂಬೋದು. ದಿನಕ್ಕೆ ಕಮ್ಮಿ ಅಂದ್ರೂ 6 ಗಂಟೆ ನೇರ ಬಿಸಿಲು ಬೇಕು. ಹೂವಿಲ್ಲದೇ ಇರೋದಕ್ಕೂ, ಬೂದಿ ರೋಗಕ್ಕೂ ಮೂಲ ಅದೇ. ಆ ನೆರಳಿನ ಕೊಂಬೆ ತೆಗೆಸು. ಅದು ಆಗಲ್ಲ ಅಂದ್ರೆ, ಇನ್ನೂ ಎಳೇ ಮರ ತಾನೇ, ಎಲೆ ಉದುರಿ ಮಲಗಿರೋ ಕಾಲದಲ್ಲಿ ಬೇರು ಹಿಡಿದಿರೋ ಮಣ್ಣಿನ ಹೆಂಟೆ ಸಮೇತ ಬಿಸಿಲಿಗೆ ಸಾಗಿಸು. ಗುಂಡಿ ಹೆಂಟೆಗಿಂತ ಎರಡರಷ್ಟು ಅಗಲ ಇರಲಿ, ಆಳ ಮಾತ್ರ ಹೆಂಟೆಯಷ್ಟೇ.

ಬಿಳೀ ಪುಡಿಗೆ: ತೀರಾ ಹತ್ತಿರೋ ತುದಿಗಳನ್ನ ಚಿವುಟಿ ದೂರ ಹಾಕು, ಗೊಬ್ಬರದ ಗುಂಡಿಗಲ್ಲ. ನೀರಲ್ಲಿ ಕರಗೋ ಗಂಧಕ ಲೀಟರಿಗೆ 3 ಗ್ರಾಂ, ಎಲೆಯ ಎರಡೂ ಬದಿಗೆ ಬೀಳೋ ಹಾಗೆ ಸಿಂಪಡಿಸು, 10 ದಿನ ಬಿಟ್ಟು ಇನ್ನೊಂದು ಸಲ. ಬಿಸಿಲು 32 ಡಿಗ್ರಿ ದಾಟಿದ ದಿನ ಬೇಡ, ಎಲೆ ಸುಡತ್ತೆ. ಬೇವಿನೆಣ್ಣೆ ಹೊಡೆದಿದ್ರೆ ಎರಡು ವಾರ ಬಿಟ್ಟೇ ಗಂಧಕ. ಯೂರಿಯಾ ಹಾಕ್ತಿದ್ರೆ ನಿಲ್ಲಿಸು, ಅದು ಬರೀ ಸೊಪ್ಪು ಬೆಳೆಸತ್ತೆ. ನೀರು ಬುಡಕ್ಕೆ, ವಾರಕ್ಕೊಮ್ಮೆ ಆಳಕ್ಕೆ ಇಳಿಯೋ ಹಾಗೆ.

ಕತ್ತರಿ ಹಿಡಿಯೋದು ಚಳಿಗಾಲದ ಕೊನೇಲಿ, ಚಿಗುರೋಕೆ ಮುಂಚೆ. ಒಣಗಿದ್ದು, ಒಂದಕ್ಕೊಂದು ಉಜ್ಜೋದು, ಒಳಮುಖ ಬೆಳೆದಿದ್ದು, ಬುಡದ ಮರಿಗಳು, ಇಷ್ಟೇ. ಹೆಬ್ಬೆರಳಿಗಿಂತ ದಪ್ಪದ ಕೊಂಬೆ ಮುಟ್ಟಬೇಡ. ತೆಗೆಯೋ ಕೊಂಬೇನ ಹುಟ್ಟಿದ ಜಾಗದಲ್ಲೇ ತೆಗಿ, ಮಧ್ಯಕ್ಕೆ ಮೊಟಕು ಬಿಡಬೇಡ. ಒಂದೇ ಕೊಂಬೆ ಪೂರ್ತಿ ಹಸಿರಾಗಿ ಉಳಿದದ್ದು ಕಪ್ಪಗೇ ಇದ್ರೆ ಮಾತ್ರ ಅದು ನೆರಳಿನಿಂದಲ್ಲ, ಆ ಕೊಂಬೆ ಕಪ್ಪೆಲೆಯ ತಳಿ ಬಿಟ್ಟು ಹಳೇ ಹಸಿರು ಗುಣಕ್ಕೆ ಹಿಂದಕ್ಕೆ ಹೋಗಿದೆ, ಅದನ್ನ ಈಗಲೇ ಹುಟ್ಟಿದ ಜಾಗದಿಂದ ತೆಗಿ, ಬಿಟ್ರೆ ಉಳಿದದ್ದನ್ನ ಮೀರಿಸಿ ಬೆಳೆಯತ್ತೆ. ಎರಡರಲ್ಲಿ ಯಾವುದು ಅಂತ ಗೊತ್ತಾಗಬೇಕಲ್ಲ, ನಾಳೆ ಬೆಳಗ್ಗೆ ಬುಡದಿಂದ ಮೇಲಿನ ತನಕ ಪೂರ್ತಿ ಕಾಣೋ ಹಾಗೆ ಒಂದು ಫೋಟೋ ತೆಗೆದು ಹಾಕು.