ಅಪ್‌ಡೇಟ್: ‘ಡಾಕ್ಟರ್ ಹೂ’ ಸಚಿತ್ರ ಪುಸ್ತಕ ಕೈಸೇರಿತು

ಕಾಲದಲ್ಲಿ ಸಂಚರಿಸುವ ‘ಡಾಕ್ಟರ್’ ಎಂಬ ನಾಯಕನ ಕಥೆ ಹೇಳುವ ಬಿಬಿಸಿಯ ‘ಡಾಕ್ಟರ್ ಹೂ’ ಟಿವಿ ಸರಣಿಗೆ 20 ವರ್ಷ ತುಂಬಿದಾಗ, ಅಂದರೆ 1983ರಲ್ಲಿ, ಪೀಟರ್ ಹೈನಿಂಗ್ ಹೊರತಂದ ಸಚಿತ್ರ ಪುಸ್ತಕದ ಹಳೆಯ ಪ್ರತಿಯನ್ನು ಕೊಳ್ಳುವುದೋ, 50ನೇ ವರ್ಷದ ಹೊಸ ಪುಸ್ತಕವೇ ಸಾಕೋ ಎಂದು ಹಿಂದೆ ಕೇಳಿದ್ದೆ. ಹಳೆಯದನ್ನೇ ಕೊಳ್ಳಿ ಎಂದವರ ಮಾತಿನಂತೆ ನಡೆದೆ. ಮಾರಿದವರು ತೆಳು ಕಾಗದದಲ್ಲಿ ಸುತ್ತಿ ಕಳುಹಿಸಿದ್ದರಿಂದ ರಟ್ಟಿನ ಒಂದು ಮೂಲೆ ಮಡಚಿದೆ. ಒಳಪುಟಗಳು ಮಾತ್ರ ಅಚ್ಚುಕಟ್ಟಾಗಿವೆ.

ಚಿತ್ರಗಳಿಗಾಗಿ ಹಳೆಯ ಪುಸ್ತಕ ಏಕೆ ಎಂದು ಕೆಲವರು ಕೇಳಿದ್ದರು. ಅರವತ್ತರ ದಶಕದ ಅನೇಕ ಕಂತುಗಳ ಟೇಪುಗಳನ್ನು ಬಿಬಿಸಿ ಅಳಿಸಿಹಾಕಿತ್ತು, ಸರಣಿಯ ಮೊದಲ ವಿಡಿಯೊ ಕ್ಯಾಸೆಟ್ ಮಾರಾಟಕ್ಕೆ ಬಂದದ್ದೇ 1983ರಲ್ಲಿ. ಹೀಗಾಗಿ ಮೊದಲ ಇಬ್ಬರು ಡಾಕ್ಟರ್ ಆಗಿ ನಟಿಸಿದ ವಿಲಿಯಂ ಹಾರ್ಟ್‌ನೆಲ್, ಪ್ಯಾಟ್ರಿಕ್ ಟ್ರೌಟನ್ ಅವರ ಕಾಲದ ಕಥೆಗಳನ್ನು ಅಂದಿನ ಮಕ್ಕಳು ಕಂಡದ್ದು ಬಹುಮಟ್ಟಿಗೆ ಇಂಥ ನಿಶ್ಚಲ ಚಿತ್ರಗಳಲ್ಲೇ. ಹಾಗೆಂದುಕೊಂಡು ನೋಡುವಾಗ ಮಸುಕಾದ ಕಪ್ಪು-ಬಿಳುಪು ಚಿತ್ರದ ಮೇಲೂ ಕಣ್ಣು ನಿಲ್ಲುತ್ತದೆ.

ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಡಾಕ್ಟರ್‌ನ ಶತ್ರು, ಯಂತ್ರಕವಚದೊಳಗಿನ ಜೀವಿ ಡಾಲೆಕ್. ಗುಮ್ಮಟದಂಥ ತಲೆ, ಮುಂದೆ ಚಾಚಿದ ಒಂಟಿ ಕಣ್ಣು, ಕೆಳಗೆ ಸಾಲುಸಾಲಾಗಿ ಅರೆಗೋಳಗಳು: ಈ ರೂಪ ಕೊಟ್ಟ ರೇಮಂಡ್ ಕ್ಯೂಸಿಕ್ ಬಿಬಿಸಿಯ ಸಂಬಳದ ನೌಕರರಾಗಿದ್ದರು, ಕಥೆ ಬರೆದ ಟೆರ್ರಿ ನೇಷನ್ ಅವರಿಗೆ ದಕ್ಕಿದ ರಾಯಧನ ಕ್ಯೂಸಿಕ್ ಅವರಿಗೆ ದಕ್ಕಲಿಲ್ಲ, ಅದು ಅನ್ಯಾಯವೆಂದೇ ನನ್ನ ಭಾವನೆ. 1963ರಲ್ಲಿ ಬಂದ ಸರಣಿಯ ಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಲಖನೌದಲ್ಲಿ ಹುಟ್ಟಿದವರು ಎಂಬುದನ್ನೂ ಇಲ್ಲಿ ನೆನೆಯಬೇಕು.

2005ರಲ್ಲಿ ಮತ್ತೆ ಶುರುವಾದ ಸರಣಿಯನ್ನಷ್ಟೇ ನೋಡಿದವರು 50ನೇ ವರ್ಷದ ಪುಸ್ತಕವನ್ನೇ ಕೊಳ್ಳಲಿ. ಈ ಹಳೆಯ ಪುಸ್ತಕದಲ್ಲಿ ಐದನೆಯ ಡಾಕ್ಟರ್ ಪೀಟರ್ ಡೇವಿಸನ್ ಅವರ ಕಾಲದಿಂದ ಮುಂದಿನದು ಸಿಗದು.