ಓದುಗರ ಸ್ಪಂದನ: ಇಂಜೆಕ್ಷನ್ ಇಲ್ಲದ ಹೆರಿಗೆ ನನ್ನಿಂದ ಆಗುತ್ತಾ?

ಕಳೆದ ವಾರದ ಸಮಸ್ಯೆ: ನನಗೆ 27 ವರ್ಷ, ಊರು ದಾವಣಗೆರೆ. ಚೊಚ್ಚಲು, ಈಗ ಎಂಟು ತಿಂಗಳು. ನಾನು ತೋರಿಸಿಕೊಳ್ಳುವ ಆಸ್ಪತ್ರೆಯಲ್ಲಿ ಮಿಡ್‌ವೈಫ್ ತರಬೇತಿ ಆದ ಸಿಸ್ಟರ್ ಒಬ್ಬರಿದ್ದಾರೆ. ಅವರ ಕೈಯಲ್ಲಿ, ಬೆನ್ನಿಗೆ ನೋವು ಕಡಿಮೆ ಮಾಡುವ ಇಂಜೆಕ್ಷನ್ ತಗೊಳ್ಳದೆ ಹೆರಿಗೆ ಆಗಬೇಕು ಅಂತ ನನ್ನಾಸೆ. ಗಂಡ ‘ಸುಮ್ನೆ ಯಾಕೆ ಕಷ್ಟ’ ಅಂತಾರೆ. ಅತ್ತೆ ‘ನಾವೆಲ್ಲ ಹಡೆದಿಲ್ವಾ, ಅದೇನು ದೊಡ್ಡದು’ ಅಂತಾರೆ. ಅಮ್ಮ ಜಗಳೂರಿನ ತವರಿಗೆ ಬಂದುಬಿಡು ಅಂತಿದ್ದಾರೆ. ರಾತ್ರಿ ಎಚ್ಚರವಾದರೆ ನನಗೇ ಭಯ. ನನ್ನಿಂದ ಆಗುತ್ತಾ?

ತಂಗಿ, ಎರಡು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಕೂತಿದ್ದೆ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ಬೇಜಾರಾಗಬೇಡ.

ಬೆಳಗಿನ ಜಾವ ಮೂರಕ್ಕೆ ಸೊಂಟ ಹಿಡಿದ ಹಾಗಾಯ್ತು. ಗ್ಯಾಸ್ ಅಂದುಕೊಂಡು ಓಮಿನ ನೀರು ಕುಡಿದು ಮಲಗಿದೆ. ಹತ್ತು ನಿಮಿಷಕ್ಕೊಂದು ಸಲ ಬಂದು ಹೋಗೋಕೆ ಶುರುವಾದ ಮೇಲೆ ಗೊತ್ತಾಯ್ತು ಇದು ಅದೇ ಅಂತ. ಸಿಸ್ಟರ್‌ಗೆ ಫೋನ್ ಮಾಡಿದರೆ ಮೂರೇ ಮಾತು ಕೇಳಿದರು. ನೀರು ಒಡೆದಿದೆಯಾ, ರಕ್ತ ಹೋಗ್ತಿದೆಯಾ, ಮಗು ಒದೀತಿದೆಯಾ? ನೀರು ಒಡೆದಿಲ್ಲ, ಮಗು ಚೆನ್ನಾಗಿ ಒದೀತಿದೆ ಅಂದೆ. ‘ಹಂಗಾದ್ರೆ ಸ್ನಾನ ಮಾಡಿ, ಎರಡು ಇಡ್ಲಿ ತಿನ್ನಿ, ಐದು ನಿಮಿಷಕ್ಕೊಂದು ಸಲ ಬರೋಕೆ ಶುರುವಾದಾಗ ಬನ್ನಿ’ ಅಂದರು. ನಮ್ಮನೆಯವರು ಅಷ್ಟರಲ್ಲಿ ಕಾರು ಸ್ಟಾರ್ಟ್ ಮಾಡಿ ಗೇಟಿನ ಹೊರಗೆ ನಿಲ್ಲಿಸಿದ್ದರು!

ಹನ್ನೊಂದಕ್ಕೆ ಹೋದಾಗ ಗರ್ಭಕೋಶದ ಬಾಯಿ ನಾಲ್ಕು ಸೆಂಟಿಮೀಟರ್ ಬಿಟ್ಟಿತ್ತು. ಮಂಚಕ್ಕೆ ಹತ್ತಿಸಿ ಮಲಗಿಸ್ತಾರೆ ಅಂದುಕೊಂಡಿದ್ದೆ, ಇಲ್ಲ, ಓಡಾಡು ಅಂದರು. ನಾನೂ ಚಿಕ್ಕಮ್ಮನೂ ಕಾರಿಡಾರಿನಲ್ಲಿ ಆ ಕಡೆ ಈ ಕಡೆ. ನೋವು ಬಂದಾಗ ಕಿಟಕಿ ಹಿಡಿದು ಬಗ್ಗಿ ನಿಲ್ಲೋದು, ಚಿಕ್ಕಮ್ಮ ಬಿಸಿನೀರಿನ ಚೀಲ ಸೊಂಟಕ್ಕೆ ಒತ್ತಿ ಹಿಡಿಯೋದು, ನೋವು ಇಳಿದ ಮೇಲೆ ಎರಡು ಗುಟುಕು ಎಳನೀರು, ಮತ್ತೆ ನಡೆಯೋದು. ಸಿಸ್ಟರ್ ಅರ್ಧ ಗಂಟೆಗೊಂದು ಸಲ ಮಗುವಿನ ಎದೆಬಡಿತ ಕೇಳಿ ಬರೆದುಕೊಳ್ತಿದ್ದರು. ‘ಕೂಗಬೇಕು ಅನಿಸಿದ್ರೆ ಕೂಗು, ಗಂಟಲಲ್ಲಿ ಕಿರುಚಬೇಡ, ಹೊಟ್ಟೆಯಿಂದ ಊಂ ಅನ್ನು’ ಅಂತ ಹೇಳಿಕೊಟ್ಟರು. ಕೊಟ್ಟಿಗೆಯ ಎಮ್ಮೆ ಥರ ಕೂಗಿದೀನಿ, ಈಗ ನೆನೆಸಿಕೊಂಡರೆ ನಗು ಬರುತ್ತೆ.

ನಾಲ್ಕು ಗಂಟೆ ಹೊತ್ತಿಗೆ ವಾಂತಿ, ಮೈಯೆಲ್ಲ ನಡುಕ. ‘ನನ್ನ ಕೈಲಾಗಲ್ಲ, ಆಪರೇಷನ್ ಮಾಡಿಬಿಡಿ, ಇಲ್ಲಾಂದ್ರೆ ಮನೆಗೆ ಹೋಗ್ತೀನಿ’ ಅಂತ ಅತ್ತುಬಿಟ್ಟೆ. ಸಿಸ್ಟರ್ ನಗಲೂ ಇಲ್ಲ, ಬೈಯಲೂ ಇಲ್ಲ. ‘ಮನೆಗೆ ಹೋಗ್ತೀನಿ ಅಂದವರೆಲ್ಲ ಸ್ವಲ್ಪ ಹೊತ್ತಿಗೇ ಹಡೆದಿದಾರೆ ಕಣವ್ವ’ ಅಂದರು. ಆ ಒಂದು ಗಂಟೆ ಅವರು ಪಕ್ಕ ಬಿಟ್ಟು ಕದಲಿಲ್ಲ. ಎಡಮಗ್ಗುಲಾಗಿ ಮಲಗಿಯೇ ಮುಕ್ಕಿದೆ. ಕೆಳಗೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಒತ್ತಿ ಹಿಡಿದಿದ್ದರು. ತಲೆ ಬರುವಾಗ ‘ಈಗ ಮುಕ್ಕಬೇಡ, ಬರೀ ಉಫ್ ಉಫ್ ಅಂತ ಊದು’ ಅಂದರು. ಕೊಯ್ಯಲಿಲ್ಲ. ಸಣ್ಣದಾಗಿ ಹರಿದದ್ದಕ್ಕೆ ಎರಡು ಹೊಲಿಗೆ, ಅದೂ ಆ ಜಾಗ ಮರಗಟ್ಟಿಸಿದ ಮೇಲೆ.

ಒಂದು ವಿಷಯ ಮಾತ್ರ ಮೊದಲೇ ತಿಳಿದುಕೊಂಡಿರು. ಮಗು ಎದೆ ಮೇಲೆ ಬಂದ ತಕ್ಷಣ ತೊಡೆಗೆ ಇಂಜೆಕ್ಷನ್ ತಂದರು. ನಾನು ‘ಏನೂ ಚುಚ್ಚಲ್ಲ ಅಂದಿದ್ರಲ್ಲ’ ಅಂತ ಜಗಳಕ್ಕೇ ಬಿದ್ದೆ. ಅದು ನೋವಿಗಲ್ಲ, ಆಕ್ಸಿಟೋಸಿನ್, ಗರ್ಭಕೋಶ ಬಿಗಿಯಾಗಿ ರಕ್ತಸ್ರಾವ ನಿಲ್ಲೋಕೆ ಅಂತೆ. ಅದನ್ನ ಬೇಡ ಅನ್ನಬೇಡ.
– ಒಬ್ಬ ಅಕ್ಕ, ನಿಟ್ಟುವಳ್ಳಿ, ದಾವಣಗೆರೆ

ಮಗಳೇ, ನಿಮ್ಮತ್ತೆ ಮಾತು ಮನಸ್ಸಿಗೆ ಹಚ್ಚಿಕೋಬೇಡ. ನಾವೆಲ್ಲ ಹಡೆದದ್ದು ಖರೆ. ಹಡೆಯುವಾಗ ಏನೇನು ಅಂದ್ವಿ ಅನ್ನೋದನ್ನ ಮಾತ್ರ ಎಲ್ಲರೂ ಅನುಕೂಲವಾಗಿ ಮರೆತಿದೀವಿ. ನಾನಂತೂ ಮೊದಲನೇದಕ್ಕೆ ನಮ್ಮ ಯಜಮಾನರ ಏಳು ತಲೆಮಾರಿಗೆ ಬೈದಿದ್ದೆ. ಆಗೆಲ್ಲ ಮನೆಯಲ್ಲೇ, ಸೂಲಗಿತ್ತಿ ಕೈಯಲ್ಲಿ. ಮೂರನೇದಕ್ಕೆ ಮಾಸು ಬೀಳದೆ ರಕ್ತ ಹೋಗಿ, ಟ್ರ್ಯಾಕ್ಟರಿನಲ್ಲಿ ಹಾಸಿಗೆ ಹಾಕಿ ದವಾಖಾನೆಗೆ ಹೊತ್ತೊಯ್ದರು. ಬದುಕಿದ್ದು ನನ್ನ ಪುಣ್ಯ. ನೀನು ಆಸ್ಪತ್ರೆಯಲ್ಲೇ ಹಡೀತೀನಿ ಅಂದದ್ದು ಓದಿ ಸಮಾಧಾನ ಆಯ್ತು. ಉಳಿದದ್ದು ನಿನ್ನಿಷ್ಟ.
– ನಾಲ್ಕು ಹಡೆದ ಅಜ್ಜಿ, ಹರಿಹರ

ನಾನು ನಿವೃತ್ತ ನರ್ಸ್. ಲೇಬರ್ ವಾರ್ಡಿನಲ್ಲೇ ಹೆಚ್ಚು ವರ್ಷ ಕಳೆದವಳು. ಮಿಡ್‌ವೈಫ್ ಅಂದ ಕೂಡಲೇ ‘ಡಾಕ್ಟರ್ ಇಲ್ವಾ ಹಂಗಾದ್ರೆ’ ಅಂತ ಮನೆಯವರು ಗಾಬರಿಯಾಗ್ತಾರೆ, ಅದಕ್ಕೆ ಎರಡು ಮಾತು. 2018ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಗೆ ಮಾರ್ಗಸೂಚಿ ತಂದಿತು. ನರ್ಸಿಂಗ್ ಮುಗಿಸಿ ಅನುಭವ ಇರುವವರಿಗೆ ಮತ್ತೆ 18 ತಿಂಗಳ ತರಬೇತಿ ಕೊಡುವ ಯೋಜನೆ ಅದು. ತೊಂದರೆ ಇಲ್ಲದ ಹೆರಿಗೆ ಅವರು ನೋಡಿಕೊಳ್ತಾರೆ, ಏನಾದರೂ ಹೆಚ್ಚುಕಮ್ಮಿ ಆದರೆ ಡಾಕ್ಟರ್ ಕೈಗೆ ಕೊಡ್ತಾರೆ. (ನಮ್ಮ ಚಳ್ಳಕೆರೆ ಪಕ್ಕದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದದ್ದೂ 2018ರಲ್ಲೇ. ಅವರು ತೀರಿಕೊಂಡದ್ದೂ ಅದೇ ಡಿಸೆಂಬರ್ ತಿಂಗಳು. ನನಗೆ ಅದು ಆಗಾಗ ನೆನಪಾಗುತ್ತೆ.)

ಹಾಗಾಗಿ ನೀವು ಮೊದಲು ಕೇಳಿಕೊಳ್ಳಬೇಕಾದ್ದು ‘ನೋವು ತಡ್ಕೋತೀನಾ’ ಅಂತಲ್ಲ, ‘ನನ್ನದು ತೊಂದರೆ ಇಲ್ಲದ ಬಸಿರಾ’ ಅಂತ. ಬಿ.ಪಿ. ಇದೆಯಾ, ಸಕ್ಕರೆ ಇದೆಯಾ, ಮಗುವಿನ ತಲೆ ಕೆಳಗಿದೆಯಾ, ಮಾಸು ಎಲ್ಲಿ ಕೂತಿದೆ, ಇದನ್ನೆಲ್ಲ ಡಾಕ್ಟರ್ ಹತ್ತಿರ ಬಾಯಿಬಿಟ್ಟು ಕೇಳಿ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಈಗಲೇ ಸರಿಮಾಡಿಕೊಳ್ಳಿ, ಎಂಟು ತಿಂಗಳಾಯ್ತು, ಇನ್ನು ಜಾಸ್ತಿ ಟೈಮ್ ಇಲ್ಲ.

ಇನ್ನೊಂದು. ಆಸ್ಪತ್ರೆಗೆ ಬೇಗ ಹೋಗಿ ಮಲಗಿದರೆ ಬೇಗ ಆಗುತ್ತೆ ಅನ್ನೋದು ಸುಳ್ಳು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ ಪ್ರಕಾರ ಹೆರಿಗೆ ಚುರುಕಾಗೋದು ಐದು ಸೆಂಟಿಮೀಟರ್ ಬಿಟ್ಟ ಮೇಲೆ. ಅಲ್ಲಿಂದ ಪೂರ್ತಿ ಬಿಡೋಕೆ ಚೊಚ್ಚಲಿಗೆ ಹನ್ನೆರಡು ಗಂಟೆವರೆಗೂ ಹಿಡಿಯಬಹುದು. ಗಂಟೆಗೊಂದು ಸೆಂಟಿಮೀಟರ್ ಆಗಲೇಬೇಕು ಅನ್ನೋ ಹಳೇ ಲೆಕ್ಕ ಎಲ್ಲರಿಗೂ ಹೊಂದಲ್ಲ. ಆ ಲೆಕ್ಕ ಇಟ್ಟುಕೊಂಡು ನಾವೇ ಒಂದು ಕಾಲದಲ್ಲಿ ಎಲ್ಲರಿಗೂ ನೋವು ಬರೋ ಡ್ರಿಪ್ ಹಾಕ್ತಿದ್ವಿ. ಡ್ರಿಪ್ ಹಾಕಿದ ನೋವು ಜೋರು, ತಡೆದುಕೊಳ್ಳೋದೂ ಕಷ್ಟ. ಹಾಗಾಗಿ ಡ್ರಿಪ್ ಯಾವಾಗ ಹಾಕ್ತೀರಿ, ಯಾಕೆ ಹಾಕ್ತೀರಿ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ನಿಮ್ಮ ಸಿಸ್ಟರ್‌ಗೆ ಆ ದಿನ ಡ್ಯೂಟಿ ಇಲ್ಲದಿದ್ದರೆ ಯಾರು ಇರ್ತಾರೆ ಅನ್ನೋದನ್ನೂ ಕೇಳಿ. ಇದನ್ನ ಯಾರೂ ಕೇಳಲ್ಲ.
– ನಿವೃತ್ತ ನರ್ಸ್, ಚಳ್ಳಕೆರೆ

ನಾನು ಸ್ವಲ್ಪ ಬೇರೆ ಥರ ಹೇಳ್ತೀನಿ, ಬೇಸರ ಮಾಡಿಕೊಳ್ಳಬೇಡಿ. ನನ್ನದೂ ಇದೇ ಆಸೆ ಇತ್ತು. ಮಗುವಿನ ಮುಖ ಮೇಲಕ್ಕಿತ್ತಂತೆ, ಬರೀ ಬೆನ್ನುನೋವು, ನಡುವೆ ಉಸಿರು ಬಿಡೋಕೂ ಪುರುಸೊತ್ತಿಲ್ಲ. ಹದಿನಾಲ್ಕು ಗಂಟೆ ಆದ ಮೇಲೆ ನಾನೇ ಬೆನ್ನಿಗೆ ಇಂಜೆಕ್ಷನ್ ಕೇಳಿದೆ. ಎರಡು ಗಂಟೆ ನಿದ್ದೆ ಮಾಡಿದೆ, ಅಂಥ ನಿದ್ದೆ ಜನ್ಮದಲ್ಲಿ ಮಾಡಿರಲಿಲ್ಲ. ಆಮೇಲೆ ಮಗುವಿನ ಎದೆಬಡಿತ ಇಳಿದು ಸಿಸೇರಿಯನ್ ಆಯ್ತು. ಮಗ ಚೆನ್ನಾಗಿದ್ದಾನೆ, ಈಗ ಅಂಗನವಾಡಿಗೆ ಹೋಗ್ತಾನೆ.

ಆ ದಿನಕ್ಕಿಂತ ಆಮೇಲಿನ ಮಾತುಗಳೇ ಜಾಸ್ತಿ ಚುಚ್ಚಿದ್ದು. ಬಾಣಂತಿ ನೋಡೋಕೆ ಬಂದವರೆಲ್ಲ ‘ಇನ್ನೊಂದು ಸ್ವಲ್ಪ ತಡ್ಕೊಂಡಿದ್ರೆ ನಾರ್ಮಲ್ ಆಗ್ತಿತ್ತೇನೋ’ ಅಂತ. ಒಬ್ಬರಂತೂ ‘ಓಬವ್ವನ ಊರವಳು ನೀನು’ ಅಂದರು. ಓಬವ್ವ ಒನಕೆ ಹಿಡಿದದ್ದು ಕೋಟೆ ಕಾಯೋಕೆ ರೀ, ಹೆರಿಗೆ ನೋವು ತಡೀತಾಳಾ ಅಂತ ಯಾರೂ ಅವಳಿಗೆ ಪರೀಕ್ಷೆ ಇಟ್ಟಿರಲಿಲ್ಲ. ಆರು ತಿಂಗಳು ನಾನೇ ಏನೋ ತಪ್ಪು ಮಾಡಿದೆ ಅಂತ ಕೊರಗಿದೀನಿ.

ನೀವು ಹೀಗೆ ಮಾಡಿ. ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ನಮ್ಮದು ‘ಮಂಡಕ್ಕಿ’. ‘ಸಾಕು, ಸತ್ತೆ’ ಅಂತ ಎಷ್ಟು ಅರಚಿದರೂ ಅದು ಬರೀ ನೋವಿನ ಮಾತು, ಜೊತೆಗಿರೋರು ಧೈರ್ಯ ಹೇಳಬೇಕು. ‘ಮಂಡಕ್ಕಿ’ ಅಂದರೆ ಮಾತ್ರ ನಿಜವಾಗಿ ಇಂಜೆಕ್ಷನ್ ಬೇಕು, ಆಗ ಯಾರೂ ತಡೆಯಬಾರದು. ನಾನು ‘ಮಂಡಕ್ಕಿ’ ಅಂದಾಗ ಹೊಸ ನರ್ಸ್ ಒಬ್ಬಳು ‘ಹಸಿವಾಗಿದೆಯಂತೆ ಪಾಪ’ ಅಂದಳಂತೆ! ಮತ್ತೆ, ಆ ಇಂಜೆಕ್ಷನ್ ಕೊಡೋ ಅರಿವಳಿಕೆ ಡಾಕ್ಟರ್ ರಾತ್ರಿನೂ ಆಸ್ಪತ್ರೆಯಲ್ಲೇ ಇರ್ತಾರಾ, ಹೊರಗಿಂದ ಕರೆಸಬೇಕಾ ಅಂತ ಈಗಲೇ ಕೇಳಿ. ಕರೆಸಬೇಕು ಅಂದರೆ ಬೇಕು ಅಂದ ಕೂಡಲೇ ಸಿಗಲ್ಲ.
– ಚಿತ್ರದುರ್ಗದ ಓದುಗಿ

ತವರಿನ ವಿಷಯ ಯಾರೂ ಬರೆದಿಲ್ಲ ಅನಿಸುತ್ತೆ. ನಾನೂ ಜಗಳೂರಿನವಳೇ. ನೋವು ಶುರುವಾದ ಮೇಲೆ ಅಲ್ಲಿಂದ ದಾವಣಗೆರೆಗೆ ಬರೋದು ಬೇಡಪ್ಪಾ, ಒಂದೊಂದು ಹಂಪ್ ಹಾರಿದಾಗಲೂ ಶಿವಾ ಅನ್ನಬೇಕು. ಕೊನೆ ಮೂರು ವಾರ ನಿಮ್ಮಮ್ಮನೇ ದಾವಣಗೆರೆಗೆ ಬಂದಿರಲಿ. ಬಾಣಂತನಕ್ಕೆ ಬೇಕಾದರೆ ಜಗಳೂರಿಗೆ ಹೋಗಿ, ಕೊಬ್ಬರಿ, ಅಂಟಿನುಂಡೆ, ಎಣ್ಣೆ ಸ್ನಾನ ಎಲ್ಲ ಅಲ್ಲಿ ಆಗಲಿ. ಅತ್ತೆಗೂ ಅಮ್ಮನಿಗೂ ಇಬ್ಬರಿಗೂ ಪಾಲು ಸಿಕ್ಕ ಹಾಗಾಯ್ತು, ಅಲ್ವಾ?
– ಜಗಳೂರಿನ ಮಗಳು, ಈಗ ಹೊನ್ನಾಳಿ ಸೊಸೆ

ಇದು ನಿಮ್ಮ ಯಜಮಾನರಿಗೆ. ಸಾರ್, ‘ಸುಮ್ನೆ ಯಾಕೆ ಕಷ್ಟ’ ಅಂತ ನಾನೂ ಅಂದಿದ್ದೆ. ನಿಜ ಹೇಳಬೇಕಂದ್ರೆ ಅವಳ ಕಷ್ಟಕ್ಕಿಂತ ಅದನ್ನ ನಾನು ನೋಡಬೇಕಲ್ಲ ಅನ್ನೋದೇ ನನ್ನ ಭಯ. ಒಳಗೆ ಯಾರನ್ನ ಬಿಡ್ತಾರೆ ಅಂತ ಮೊದಲೇ ವಿಚಾರಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ ಜೊತೆಗಾರ್ತಿ ಇರಬಹುದು ಅಂತ 2016ರಲ್ಲೇ ಕೇಂದ್ರ ಹೇಳಿದೆ, ಆದರೆ ಪರದೆ, ಪ್ರತ್ಯೇಕ ಜಾಗ ಇದ್ದ ಕಡೆ ಮಾತ್ರ ಗಂಡನಿಗೆ ಅವಕಾಶ. ನನಗೆ ಸಿಕ್ಕಿತು.

ಒಳಗೆ ಹೋದ ಮೇಲೆ ಮೂರು ತಪ್ಪು ಮಾಡಿದೆ. ಮೊಬೈಲ್ ನೋಡಿದೆ. ‘ಇನ್ನೂ ಎಷ್ಟು ಹೊತ್ತು’ ಅಂತ ಸಿಸ್ಟರ್‌ನ ಅವಳೆದುರಿಗೇ ಕೇಳಿದೆ. ಮಧ್ಯದಲ್ಲಿ ಬೆಣ್ಣೆದೋಸೆ ತಿಂದು ಬಂದೆ, ಅವಳಿಗೆ ಆ ವಾಸನೆಗೇ ವಾಂತಿ ಬಂತು. ಆಮೇಲೆ ಸಿಸ್ಟರ್ ನನ್ನ ಕೈ ಹಿಡಿದು ಅವಳ ಸೊಂಟದ ಕೆಳಗೆ ಎರಡು ಅಂಗೈ ಹೇಗೆ ಒತ್ತಬೇಕು ಅಂತ ತೋರಿಸಿದರು. ಒಂದು ಕೆಲಸ ಸಿಕ್ಕಿದ್ದೇ ತಡ, ಭಯ ಎಲ್ಲೋ ಹೋಯ್ತು. ಐದು ಗಂಟೆ ಒತ್ತಿದೆ. ಮಾರನೇ ದಿನ ಬೈಕಿನ ಕ್ಲಚ್ ಹಿಡಿಯೋಕೆ ಆಗದಷ್ಟು ಕೈನೋವು. ಆ ಕೈನೋವಿನ ಸುದ್ದಿಯನ್ನ ಹೆಂಡತಿ ಮುಂದೆ ಎತ್ತೋ ನಾಲ್ಕನೇ ತಪ್ಪನ್ನ ಮಾತ್ರ ನೀವು ಮಾಡಬೇಡಿ.
– ಇಬ್ಬರು ಹೆಣ್ಣುಮಕ್ಕಳ ಅಪ್ಪ, ಹೊಳಲ್ಕೆರೆ