ಓದುಗರ ಸ್ಪಂದನ: ಸಭೆಯವರ ಮೇಲೆ ಕೋರ್ಟಿಗೆ ಹೋಗಬಹುದೇ?

ಸಮಸ್ಯೆ: ನಮ್ಮ ಕ್ರೈಸ್ತ ಸಭೆಯವರೇ ಒಬ್ಬರು ವ್ಯಾಪಾರಕ್ಕೆಂದು ನನ್ನಿಂದ ಸಾಲ ಪಡೆದು ಎರಡು ವರ್ಷವಾಯಿತು. ಕೇಳಿದರೆ ಇವತ್ತು, ನಾಳೆ ಎನ್ನುತ್ತಾರೆ. ವಕೀಲರ ನೋಟಿಸ್ ಕೊಡಿಸುತ್ತೇನೆ ಎಂದಾಗ, ‘ವಿಶ್ವಾಸಿಗಳು ಕೋರ್ಟಿಗೆ ಹೋಗಬಾರದು, ಬೈಬಲಿನಲ್ಲಿ ಅಪೊಸ್ತಲ ಪೌಲನೇ ಹೇಳಿದ್ದಾನೆ’ ಎಂದರು. ಏನು ಮಾಡಲಿ?
– ನೊಂದ ಸಹೋದರಿ

ಅಕ್ಕಾ, ಅವರು ಅರ್ಧ ಮಾತ್ರ ಹೇಳಿದ್ದಾರೆ. ಪೌಲ ಕೊರಿಂಥ ಪಟ್ಟಣದ ಸಭೆಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯ ಪೂರ್ತಿ ಓದಿ. ಅಲ್ಲಿ ಪೌಲ ಗದರುವುದು ಇಡೀ ಸಭೆಯನ್ನು. ಸಹೋದರರ ವ್ಯಾಜ್ಯ ತೀರಿಸಬಲ್ಲ ಒಬ್ಬ ಬುದ್ಧಿವಂತನೂ ನಿಮ್ಮಲ್ಲಿ ಇಲ್ಲವೇ ಎಂದು ಕೇಳುತ್ತಾನೆ. ಅನ್ಯಾಯವನ್ನು ಯಾಕೆ ಸಹಿಸಬಾರದು ಎಂಬ ಮಾತೂ ಇದೆ, ನಿಜ. ಆದರೆ ಮರು ವಚನದಲ್ಲೇ, ‘ನೀವೇ ಸಹೋದರರಿಗೆ ಅನ್ಯಾಯ ಮಾಡುತ್ತೀರಿ, ಮೋಸ ಮಾಡುತ್ತೀರಿ’ ಎನ್ನುತ್ತಾನೆ. ನಿಮ್ಮ ಸಾಲಗಾರರು ಆ ವಚನವನ್ನು ಯಾಕೆ ಬಿಟ್ಟರು?

ಕೊರಿಂಥ ರೋಮನ್ನರ ವಸಾಹತು ಪಟ್ಟಣ. ಅಂದಿನ ಸಿವಿಲ್ ನ್ಯಾಯಾಲಯಗಳಲ್ಲಿ ಹಣ, ಅಂತಸ್ತು ಇದ್ದವರ ಕೈಯೇ ಮೇಲು. ಬಡವರು ದೊಡ್ಡವರ ಮೇಲೆ ದಾವೆ ಹೂಡುವುದೇ ಕಷ್ಟವಿತ್ತು. ಹಾಗಾಗಿ ಈ ಬೋಧನೆ ಸೋತವರನ್ನು ಕಾಯುವುದಕ್ಕೇ ಇತ್ತು ಎಂದು ನಾನು ನಂಬುತ್ತೇನೆ. ಅದನ್ನೇ ಹೇಳಿ ಹಣ ಕಳೆದುಕೊಂಡವರ ಬಾಯಿ ಮುಚ್ಚಿಸುವುದು ತಪ್ಪು. ನನಗೆ ನಿಜವಾಗಿಯೂ ಕೋಪ ಬಂತು.
– ಓದುಗ, ಹುಬ್ಬಳ್ಳಿ

ಕರ್ತನಲ್ಲಿ ಪ್ರಿಯ ಸಹೋದರಿ, ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ದಾರಿ ತೋರಿಸಿದ್ದಾರೆ. ಮೊದಲು ನೀವೊಬ್ಬರೇ ಹೋಗಿ ಮಾತಾಡಿ. ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳ ಜೊತೆ ಹೋಗಿ. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಿ. ಹಿಂದಿನ ಸಭೆಗಳು ಇದನ್ನು ಸುಮ್ನೆ ಉಪದೇಶವಾಗಿ ಬಿಡಲಿಲ್ಲ. 3ನೇ ಶತಮಾನದ ಸಿರಿಯಾದ ‘ಡಿಡಾಸ್ಕಾಲಿಯಾ’ ಎಂಬ ಸಭಾನಿಯಮದ ಪುಸ್ತಕದಲ್ಲಿ, ಬಿಷಪರು ವ್ಯಾಜ್ಯಗಳನ್ನು ಸೋಮವಾರ ವಿಚಾರಿಸಬೇಕು ಎಂದಿದೆ. ಯಾಕೆ ಸೋಮವಾರ? ತಕರಾರು ಎದ್ದರೂ ಭಾನುವಾರದ ಆರಾಧನೆಯೊಳಗೆ ಇಬ್ಬರನ್ನೂ ಒಂದು ಮಾಡಲು ವಾರವಿಡೀ ಸಮಯ ಸಿಗಲಿ ಎಂದು. ಎಷ್ಟು ಕಾಳಜಿ ಅಲ್ವಾ! ಒಬ್ಬರ ಮಾತು ಮಾತ್ರ ಕೇಳಿ ತೀರ್ಪು ಕೊಡಬಾರದು ಎಂದೂ ಹೇಳಿದೆ. ಮುಂದೆ ಉತ್ತರ ಆಫ್ರಿಕಾದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟಿನರು ಜನರ ಜಗಳ ಕೇಳುವುದರಲ್ಲೇ ಎಷ್ಟೋ ಬೆಳಗ್ಗೆಗಳನ್ನು ಕಳೆದರು.

ನಿಮ್ಮ ಸಭಾಪಾಲಕರಿಗೂ ಹಿರಿಯರಿಗೂ ಬರವಣಿಗೆಯಲ್ಲಿ ಕೊಡಿ. ಇಬ್ಬರನ್ನೂ ಕೂರಿಸಿ, ಲೆಕ್ಕ ನೋಡಿ, ತಾರೀಖು ಗೊತ್ತುಮಾಡಿ ಎಂದು ಕೇಳಿ. ಕೇಳುವುದು ನಿಮ್ಮ ಹಕ್ಕು.
– ನಿವೃತ್ತ ಸಭಾಪಾಲಕ, ಮೈಸೂರು

ಪೌಲನೇ ಕೈಸರೈಯದಲ್ಲಿ ರೋಮನ್ ಅಧಿಪತಿ ಫೆಸ್ತನ ಮುಂದೆ ನಿಂತು, ಕೈಸರನಿಗೆ, ಅಂದರೆ ರೋಮ್ ಚಕ್ರವರ್ತಿಗೆ, ಮನವಿ ಮಾಡಿಕೊಳ್ಳುತ್ತೇನೆ ಎಂದಿದ್ದ. ಕಾನೂನನ್ನು ಅವನು ಪೂರ್ತಿ ದೂರ ಇಟ್ಟವನಲ್ಲ. ಸಭೆಯಲ್ಲಿ ಮಾತುಕತೆ ನಡೆಯಲಿ, ಆದರೆ ಕೊಟ್ಟ ಸಾಲಕ್ಕೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷದ ಗಡುವು ಇದೆ. ನಿಮಗೆ ಈಗಾಗಲೇ ಎರಡು ಕಳೆದಿದೆ. ಗಡುವು ಮುಗಿಯುವ ಮೊದಲೇ, ಸಾಲ ಬಾಕಿ ಇದೆ ಎಂದು ಅವರಿಂದ ಬರೆಸಿ ಸಹಿ ಹಾಕಿಸಿಕೊಂಡರೆ ಲೆಕ್ಕ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಹಿರಿಯರ ಎದುರಲ್ಲೇ ಆ ಕೆಲಸ ಮುಗಿಸಿ. ಸಹಿ ಹಾಕಲ್ಲ ಎಂದರೆ ವಕೀಲರನ್ನು ನೋಡಲು ತಡ ಮಾಡಬೇಡಿ.
– ಓದುಗಳು, ಮಂಗಳೂರು